ಮಣಿಗಿಂತ ಮೊದಲು ತಂತಿ: ಹೆಡ್‌ಪಿನ್, ಕೊಂಡಿ, ಕುಣಿಕೆಯ ಟಿಪ್ಪಣಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮಣಿಯ ಒಡವೆ ಮಾಡುವ ನಮ್ಮ ಭಾನುವಾರದ ಗುಂಪಿಗೆ ಹೊಸದಾಗಿ ಸೇರಿದವರಿಗೆ ಅಂತ ಇದನ್ನು ಬರೆದಿಟ್ಟಿದ್ದೇನೆ. ನಾನೂ ಇನ್ನೂ ಕಲಿಯುತ್ತಿರುವವಳೇ. ನಿಮಗಿಂತ ಜಾಸ್ತಿ ತಂತಿ ಹಾಳು ಮಾಡಿದ್ದೇನೆ, ಅಷ್ಟೇ ವ್ಯತ್ಯಾಸ.

ನಾನು ಮಾಡಿದ ಮೊದಲ ಓಲೆ ಕಳೆದದ್ದು ಲೋಕಲ್ ಟ್ರೇನಿನಲ್ಲಿ. ಠಾಣೆಯ ನೂಕುನುಗ್ಗಲಿನಲ್ಲಿ ಯಾರದೋ ದುಪಟ್ಟಾ ಸಿಕ್ಕಿ ಎಳೆಯಿತು. ಕಿವಿಯಲ್ಲಿ ಕೊಕ್ಕೆ ಮಾತ್ರ ಉಳಿಯಿತು. ಇನ್ನೊಂದು ಕಿವಿಯದನ್ನು ಮನೆಯಲ್ಲಿ ಬೆಳಕಿಗೆ ಹಿಡಿದು ನೋಡಿದೆ. ಮಣಿ ಸರಿಯಾಗಿತ್ತು, ಪಿನ್ನೂ ಸರಿಯಾಗಿತ್ತು. ಕುಣಿಕೆಯ ಬಾಯಿ ಮಾತ್ರ ಸ್ವಲ್ಪ ತೆರೆದುಕೊಂಡಿತ್ತು. ಅವತ್ತಿನಿಂದ ಮಣಿ ಆರಿಸುವ ಮುಂಚೆ ತಂತಿ ನೋಡುತ್ತೇನೆ.

ಮೊದಲು ಹೆಸರುಗಳು. ಹೆಡ್‌ಪಿನ್ ಅಂದರೆ ಗುಂಡುಸೂಜಿಯ ತಂಗಿ ಅಂದುಕೊಳ್ಳಿ. ಮೊನೆ ಇಲ್ಲ, ಹೇಳಿದ ಹಾಗೆ ಬಗ್ಗುತ್ತದೆ, ಚಪ್ಪಟೆ ತಲೆ ಮಣಿ ಜಾರದಂತೆ ತಡೆಯುತ್ತದೆ. ತಲೆಯಲ್ಲಿ ಪುಟ್ಟ ಗುಂಡು ಇದ್ದರೆ ಬಾಲ್‌ಪಿನ್. ತಲೆಯ ಜಾಗದಲ್ಲಿ ಕುಣಿಕೆ ಇದ್ದರೆ ಐಪಿನ್, ಅದರ ಕೆಳಗೆ ಇನ್ನೊಂದು ಮಣಿ ತೂಗಿಸಬಹುದು. ಜಂಪ್‌ರಿಂಗ್ (ಎರಡು ಭಾಗ ಜೋಡಿಸುವ, ಬಾಯಿ ತೆರೆಯುವ ಪುಟ್ಟ ತಂತಿಬಳೆ), ಸರದ ತುದಿಯ ಲಾಬ್‌ಸ್ಟರ್ ಕೊಂಡಿ, ಕಿವಿಕೊಕ್ಕೆ, ಮಣಿಯ ಟೋಪಿ, ಇವೆಲ್ಲಕ್ಕೂ ಸೇರಿ ಫೈಂಡಿಂಗ್ಸ್ ಅನ್ನುತ್ತಾರೆ. ನಿಜವಾದ ಗುಂಡುಸೂಜಿಯಲ್ಲೇ ಮಾಡಿದರೆ ಆಗಲ್ವಾ ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಆಗಲ್ಲ. ಅದು ಗಟ್ಟಿ ಉಕ್ಕು, ನಿಮ್ಮ ಇಕ್ಕಳದ ಬಾಯಿ ಕೆಡುತ್ತದೆ.

ಈಗ ಗೇಜ್, ಅಂದರೆ ತಂತಿಯ ದಪ್ಪ ಹೇಳುವ ನಂಬರ್. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಸಂಖ್ಯೆ ಏರಿದಷ್ಟೂ ತಂತಿ ತೆಳುವಾಗುತ್ತದೆ, ಇದು ಎಲ್ಲರಿಗೂ ಬೇಗ ಗೊತ್ತಾಗುತ್ತದೆ. ಗೊತ್ತಾಗದ್ದು ಏನೆಂದರೆ ಗೇಜ್‌ನಲ್ಲಿ ಎರಡು ಅಳತೆಗಳಿವೆ. ನಾವು ನೋಡುವ ಅಮೆರಿಕದ ವಿಡಿಯೊಗಳಲ್ಲಿ 22 ಗೇಜ್ ಅಂದರೆ 0.64 ಮಿಲಿಮೀಟರ್. ನಮ್ಮಲ್ಲಿ ತಂತಿಗೆ ಹೇಳುವುದು ಸಾಮಾನ್ಯವಾಗಿ ಬ್ರಿಟಿಷ್ ಅಳತೆ, ಎಸ್‌ಡಬ್ಲ್ಯುಜಿ. ಅದರಲ್ಲಿ ಅದೇ 22 ಅಂದರೆ 0.71. ಎಷ್ಟು ಮಹಾ ವ್ಯತ್ಯಾಸ ಅನ್ನಿಸುತ್ತದೆ ಅಲ್ವಾ? 0.7 ತೂತಿನ ಮುತ್ತನ್ನು ತೆಗೆದುಕೊಳ್ಳಿ. 0.64 ಸಲೀಸಾಗಿ ಹೋಗುತ್ತದೆ, 0.71 ಹೋಗುವುದೇ ಇಲ್ಲ. ಬಲವಂತ ಮಾಡಿದರೆ ಮುತ್ತು ತೂತಿನ ಹತ್ತಿರ ಸಿಡಿಯುತ್ತದೆ. ಹೀಗೆ ಒಂದು ಸಂಜೆಗೆ ಆರು ಮುತ್ತು ಕಳೆದುಕೊಂಡೆ. ಈಗ ಅಂಗಡಿಯಲ್ಲಿ ‘ಬಾಯೀಸ್ (22) ನಂಬರ್’ ಅನ್ನುವುದನ್ನು ಬಿಟ್ಟು ಮಿಲಿಮೀಟರ್ ಕೇಳುತ್ತೇನೆ, ಸಣ್ಣ ತೂತಿನ ಮಣಿಯೊಂದನ್ನು ಜೊತೆಗೆ ಒಯ್ಯುತ್ತೇನೆ.

ಚನ್ನಪಟ್ಟಣದ ಮರದ ಮಣಿಗಳದ್ದು ಇದಕ್ಕೆ ಉಲ್ಟಾ ಕಥೆ. ತೂತು ಎಷ್ಟು ದೊಡ್ಡದೆಂದರೆ ಪಿನ್ನಿನ ತಲೆಯೇ ಒಳಗೆ ನುಗ್ಗಿಬಿಡುತ್ತದೆ. ದಪ್ಪ ತಂತಿ ಹುಡುಕಿಕೊಂಡು ಹೋಗಬೇಡಿ. ಕೆಳಗೆ ಸಾಸಿವೆಯಂಥ ಒಂದು ಪುಟ್ಟ ಸೀಡ್ ಮಣಿಯನ್ನೋ ಟೋಪಿಯನ್ನೋ ಕೂರಿಸಿದರೆ ಸಾಕು, ನೋಡಲೂ ಚೆಂದ.

ಸಾದಾ ಕುಣಿಕೆ ಹೀಗೆ. ಮಣಿ ಏರಿಸಿ, ಮಣಿಯ ನೆತ್ತಿಯ ಮೇಲೇ ತಂತಿಯನ್ನು ನೇರ ಮೂಲೆಯಾಗಿ ಬಗ್ಗಿಸಿ. ಉಳಿದದ್ದು ಎಷ್ಟಿರಬೇಕು? ಸುಮ್ನೆ ಕಣ್ಣಳತೆಯಲ್ಲಿ ಕತ್ತರಿಸಬೇಡಿ, ಲೆಕ್ಕ ಸುಲಭ. ಕುಣಿಕೆಯ ಒಳಗಲ 2 ಮಿ.ಮೀ., ತಂತಿ 0.64. ಕೂಡಿದರೆ 2.64, ಅದನ್ನು 3.14ರಿಂದ ಗುಣಿಸಿದರೆ 8.3. ನಾನು 9 ಬಿಟ್ಟು ಕತ್ತರಿಸುತ್ತೇನೆ, ಜಾಸ್ತಿಯಾದದ್ದನ್ನು ಕೊನೆಗೆ ಚಿವುಟಿದರಾಯಿತು. ಆಮೇಲೆ ದುಂಡು ಮೂಗಿನ ಇಕ್ಕಳದಲ್ಲಿ ತುದಿ ಹಿಡಿದು ಉರುಳಿಸಿ. ಕೈಯ ಮಣಿಕಟ್ಟು ಒಂದೇ ಸಲಕ್ಕೆ ಪೂರ್ತಿ ಸುತ್ತಲಾರದು. ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿದು ಮುಗಿಸಿ. ಇಕ್ಕಳದ ಮೂಗಿನ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಂಡು ಅಲ್ಲೇ ಹಿಡಿದರೆ ಎಲ್ಲ ಕುಣಿಕೆಗಳೂ ಒಂದೇ ಅಳತೆಗೆ ಬರುತ್ತವೆ. ಮುಗಿದಾಗ ಅದು ಕಡ್ಡಿಯ ಮೇಲೆ ಕೂತ ಸೊನ್ನೆಯಂತಿರಬೇಕು. ಬಾವುಟದ ಹಾಗೆ ಒಂದೇ ಕಡೆ ಚಾಚಿಕೊಂಡಿದ್ದರೆ ಮೊದಲಿನ ಮೂಲೆ ಸರಿಯಾಗಿ ಬಿದ್ದಿಲ್ಲ ಅಂತ ಅರ್ಥ.

ಕುಣಿಕೆ ತೆರೆಯಬೇಕಾದರೆ ಬಾಗಿಲಿನ ಹಾಗೆ ಪಕ್ಕಕ್ಕೆ ತಿರುಗಿಸಿ, ಅಗಲಕ್ಕೆ ಎಳೆಯಬೇಡಿ. ಎಳೆದರೆ ದುಂಡು ಹೋಗುತ್ತದೆ, ಮತ್ತೆ ಬಾಯಿ ಸರಿಯಾಗಿ ಕೂಡುವುದಿಲ್ಲ. ನನ್ನ ಓಲೆಯ ಕಥೆ ಇದೇ. ಜಂಪ್‌ರಿಂಗಿಗೂ ಇದೇ ಮಾತು.

ಬಾಯಿಯೇ ಬಿಡದ ಕುಣಿಕೆ ಬೇಕೆಂದರೆ ಸುತ್ತು ಕುಣಿಕೆ. ನಮ್ಮವರಿಗೆ ಇದು ಹೊಸದೇನಲ್ಲ. ಚಿನ್ನದ ತಂತಿಯಲ್ಲಿ ಕಟ್ಟಿಸಿದ ಹಳೆಯ ಕರಿಮಣಿ ಸರ ಮನೆಯಲ್ಲಿದ್ದರೆ ಹತ್ತಿರದಿಂದ ನೋಡಿ. ತಂತಿ ಕುಣಿಕೆಯಾಗಿ ಬಗ್ಗಿ, ತನ್ನದೇ ಕತ್ತಿಗೆ ಸುತ್ತಿಕೊಂಡು ಅಲ್ಲೇ ಮುಗಿದಿರುತ್ತದೆ. ನಾನಂತೂ ಈ ಸುತ್ತು ಕಲಿತದ್ದು ಅಜ್ಜಿಯ ಸರವನ್ನು ಭೂತಕನ್ನಡಿಯಲ್ಲಿ ನೋಡಿ. ನಾವು ಮಾಡುವಾಗ ಮಣಿಯ ಮೇಲೆ 2 ಮಿ.ಮೀ. ಕತ್ತು ಬಿಡಬೇಕು, ಮೂರು ಸುತ್ತು ಅಷ್ಟರಲ್ಲಿ ಕೂರುತ್ತದೆ. ಒಂದೊಂದು ಸುತ್ತಿಗೆ ಸುಮಾರು 4 ಮಿ.ಮೀ. ಬೇಕು, ಹಿಡಿಯಲು ಇನ್ನೊಂದು 10. ಕುಣಿಕೆಯ 8.3 ಕೂಡ ಸೇರಿಸಿ ಒಟ್ಟು ಲೆಕ್ಕ ಹಾಕಿದರೆ 8 ಮಿ.ಮೀ. ಮಣಿಗೆ 40 ಮಿ.ಮೀ. ತಂತಿ. ಸಾದಾ ಕುಣಿಕೆಗೆ ಒಂದು ಇಂಚಿನ ಪಿನ್ ಸಾಕು, ಇದಕ್ಕೆ ಎರಡು ಇಂಚಿನದೇ ತನ್ನಿ. ಒಂದು ಮಾತು: ಸುತ್ತಿದ ಮೇಲೆ ಬಿಚ್ಚಲಾಗದು. ಸರಪಳಿಗೆ ಸಿಕ್ಕಿಸುವುದನ್ನು ಸುತ್ತುವ ಮುಂಚೆಯೇ ಸಿಕ್ಕಿಸಿ.

ಇನ್ನು ಲೋಹ. ಸಾಮಾನು ತರಲು ಮುಂಬೈಯ ಭುಲೇಶ್ವರದ ಓಣಿಗೆ ಹೋಗುವಾಗ ಪರ್ಸಿನಲ್ಲಿ ಫ್ರಿಜ್‌ನ ಒಂದು ಮ್ಯಾಗ್ನೆಟ್ ಇಟ್ಟುಕೊಳ್ಳಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು, ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ಒಮ್ಮೆ ಒಂದು ಅಂಗಡಿಯಲ್ಲಿ ಪೀತಲ್ (ಹಿತ್ತಾಳೆ) ಅಂತ ಕೊಟ್ಟ ಪಿನ್ನಿನ ಪೊಟ್ಟಣ ಮನೆಗೆ ಬಂದು ನೋಡಿದರೆ ಇಡೀ ಮ್ಯಾಗ್ನೆಟ್‌ಗೆ ಮುಳ್ಳುಹಂದಿಯ ಹಾಗೆ ನಿಂತಿತು. ಒಳಗೆಲ್ಲ ಕಬ್ಬಿಣ, ಮೇಲೆ ಬಣ್ಣ. ಮೊದಲ ಮಳೆಗಾಲಕ್ಕೇ ಕತ್ತರಿಸಿದ ತುದಿಗಳೆಲ್ಲ ಕೆಂಪಗೆ ತುಕ್ಕು ಹಿಡಿದವು.

ಜರ್ಮನ್ ಸಿಲ್ವರ್ ಅನ್ನುವುದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ತಾಮ್ರ, ಸತು, ನಿಕಲ್. ಪದಕಕ್ಕೆ ಪರವಾಗಿಲ್ಲ, ಕಿವಿಕೊಕ್ಕೆಗೆ ಬೇಡ. ನಿಕಲ್ ಆಗದವರಿಗೆ ಕಿವಿ ತುರಿಸಿ ನೀರೊಸರುತ್ತದೆ. ಯುರೋಪಿನಲ್ಲಿ ಕಿವಿಯ ತೂತಿನೊಳಗೆ ಹೋಗುವ ಭಾಗದಿಂದ ವಾರಕ್ಕೆ ಚದರ ಸೆಂಟಿಮೀಟರಿಗೆ 0.2 ಮೈಕ್ರೊಗ್ರಾಂ ನಿಕಲ್ ಕೂಡ ಬಿಡಬಾರದು ಅಂತ ಕಾನೂನಿದೆ. ಕೊಕ್ಕೆಗೆ ಮಾತ್ರ 92.5 ಬೆಳ್ಳಿ ಹಾಕಿ. ಒಂದು ಜೊತೆಗೆ ತಂತಿ ಬೇಕಾಗುವುದೇ ಸ್ವಲ್ಪ, ಅಷ್ಟು ದುಡ್ಡು ಕೊಡಬಹುದು.

ಮುಂದಿನ ಭಾನುವಾರ ಬರುವಾಗ ಯಾರೂ ಮುತ್ತು ತರಬೇಡಿ. 0.64ರ ತಾಮ್ರದ ತಂತಿ ಎರಡು ಮೀಟರ್ ತನ್ನಿ. ಇಪ್ಪತ್ತು ಕುಣಿಕೆ ಸಾಲಾಗಿ ಮಾಡಿ ಬೆಳಕಿಗೆ ಹಿಡಿದು, ಯಾವುದರ ಬಾಯಲ್ಲಿ ಸಂದು ಕಾಣುತ್ತದೆ ಅಂತ ಒಬ್ಬರದನ್ನು ಇನ್ನೊಬ್ಬರು ನೋಡೋಣ.