ವೇಕ್‌ನಿಂದ ಹೊನೊಲುಲುವಿಗೆ 18 ಗಂಟೆ

ಶನಿವಾರ ಊಟ ಮುಗಿಸಿ ಮಧ್ಯಾಹ್ನ ಒಂದೂವರೆಗೆ ಕಂಪ್ಯೂಟರ್ ಮುಂದೆ ಕೂತೆ. ವೇಕ್ ದ್ವೀಪದಲ್ಲಿ ಆಗ ಶನಿವಾರ ರಾತ್ರಿ 8. ರನ್‌ವೇ ದೀಪಗಳು ಹಿಂದೆ ಸರಿದವು. ಆಮೇಲೆ ಬರೀ ಕತ್ತಲೆ, ಕೆಳಗೆ ಪೆಸಿಫಿಕ್ ಸಾಗರ. ಹೊನೊಲುಲು ಸುಮಾರು 3,700 ಕಿ.ಮೀ. ದೂರ.

ಮನೆಯ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಭೂಮಿ ಸುತ್ತಬೇಕು ಅಂದುಕೊಂಡಾಗ ನಾನು ಆರಿಸಿಕೊಂಡಿದ್ದು ಜೆರಿ ಮಾಕ್ ಹೋದ ದಾರಿಯನ್ನು. ಅವರು ಅಮೆರಿಕದ ಒಹಾಯೊ ರಾಜ್ಯದ ಗೃಹಿಣಿ, ಮೂರು ಮಕ್ಕಳ ತಾಯಿ. 1964ರ ಮಾರ್ಚ್ 19ರಂದು ಕೊಲಂಬಸ್ ಊರಿನಿಂದ ಒಂದೇ ಎಂಜಿನ್ನಿನ ಸೆಸ್ನಾ 180ರಲ್ಲಿ ಒಬ್ಬರೇ ಹೊರಟರು. ಬರ್ಮುಡಾ, ಕಾಸಾಬ್ಲಾಂಕಾ, ಕೈರೊ, ಕರಾಚಿ, ದಿಲ್ಲಿ, ಕಲ್ಕತ್ತಾ, ಬ್ಯಾಂಕಾಕ್, ಮನಿಲಾ, ಗುವಾಮ್, ವೇಕ್ ಹಾಯ್ದು ಏಪ್ರಿಲ್ 17ಕ್ಕೆ ಊರಿಗೆ ವಾಪಸ್ ಬಂದು ಇಳಿದರು. ಒಬ್ಬಂಟಿಯಾಗಿ ವಿಮಾನದಲ್ಲಿ ಭೂಮಿ ಸುತ್ತಿದ ಮೊದಲ ಹೆಂಗಸು ಅವರೇ. ಈ ಹೆಸರು ಮನೆಮಾತಾಗಬೇಕಿತ್ತು, ಅಲ್ವಾ?

ಸಿಮ್ಯುಲೇಟರ್ ಒಳಗೆ ನಡೆಯುವುದೆಲ್ಲ ಲೆಕ್ಕ. ಗಾಳಿ ಎಷ್ಟು ದಟ್ಟವಾಗಿದೆ, ವಿಮಾನ ಎಷ್ಟು ವೇಗದಲ್ಲಿದೆ, ರೆಕ್ಕೆ ಗಾಳಿಗೆ ಯಾವ ಕೋನದಲ್ಲಿದೆ ಎಂದು ನೋಡುತ್ತದೆ. ಮೇಲಕ್ಕೆತ್ತುವ ಬಲ, ಹಿಂದಕ್ಕೆ ಜಗ್ಗುವ ಬಲ, ಎಂಜಿನ್ನಿನ ಎಳೆತ, ತೂಕ ಎಲ್ಲವನ್ನೂ ಕೂಡಿಸಿ ವಿಮಾನವನ್ನು ಒಂದು ಚೂರು ಸರಿಸುತ್ತದೆ. ಮತ್ತೆ ಮೊದಲಿಂದ ಲೆಕ್ಕ. ಸೆಕೆಂಡಿಗೆ ಹತ್ತಾರು ಸಲ ಹೀಗೆ.

ನನ್ನ ಹತ್ತಿರ ಇರುವುದು ಸೆಸ್ನಾ 172. ಟ್ಯಾಂಕ್ ತುಂಬಿಸಿದರೂ ಹೆಚ್ಚುಕಮ್ಮಿ 1,100 ಕಿ.ಮೀ. ಹೋಗುತ್ತದೆ, ಅಷ್ಟೇ. ಹಾಗಾಗಿ ಇಂಧನ ಖಾಲಿಯಾಗದಂತೆ ಮಾಡುವ ಆಯ್ಕೆ ಒತ್ತಿದೆ. ಆದರೆ ಇಂಧನ ಉರಿಯದಿದ್ದರೆ ತೂಕವೂ ಇಳಿಯುವುದಿಲ್ಲ. ಕೊನೆಯ ಗಂಟೆಯಲ್ಲೂ ನನ್ನ ವಿಮಾನ ಹೊರಟಾಗಿನಷ್ಟೇ ಭಾರ. ಮಾಕ್ ಸೀಟುಗಳನ್ನು ತೆಗೆಸಿ ಒಳಗೇ ಟ್ಯಾಂಕ್ ಕೂರಿಸಿಕೊಂಡಿದ್ದರು. ಅವರ ವಿಮಾನ ಗಂಟೆಗಂಟೆಗೂ ಹಗುರಾಗುತ್ತಿತ್ತು.

ಜಿಪಿಎಸ್ ಆಫ್ ಮಾಡಿದ್ದೆ. ಆಗಲೇ ಸಾಗರ ಎಷ್ಟು ದೊಡ್ಡದು ಅಂತ ಗೊತ್ತಾಗುವುದು. ಪೈಲಟ್‌ಗಳು ಬಳಸುವ ಸುಲಭದ ಲೆಕ್ಕ ಒಂದಿದೆ: ದಿಕ್ಕು 1 ಡಿಗ್ರಿ ತಪ್ಪಿದರೆ, 60 ಕಿ.ಮೀ. ಹೋಗುವಷ್ಟರಲ್ಲಿ 1 ಕಿ.ಮೀ. ಪಕ್ಕಕ್ಕೆ ಸರಿದಿರುತ್ತೀರಿ. 3,700 ಕಿ.ಮೀ.ಗೆ 60 ಕಿ.ಮೀ.ಗಿಂತ ಜಾಸ್ತಿ! ಸಾಲದ್ದಕ್ಕೆ ದಿಕ್ಸೂಚಿ ತೋರಿಸುವ ಉತ್ತರವೇ ನಿಜವಾದ ಉತ್ತರವಲ್ಲ. ಹವಾಯಿ ಕಡೆ ಎರಡಕ್ಕೂ ಸುಮಾರು 10 ಡಿಗ್ರಿ ವ್ಯತ್ಯಾಸ. ಅದರ ಜೊತೆಗೆ ಗಾಳಿ ಬೇರೆ. ಅಲ್ಲಿ ವಾಣಿಜ್ಯ ಮಾರುತ ಈಶಾನ್ಯದಿಂದ ಬೀಸುತ್ತದೆ, ಪೂರ್ವಕ್ಕೆ ಹೋಗುವವರಿಗೆ ಎಡಗಡೆಯಿಂದ, ಎದುರಿಗೆ. ಗಂಟೆಗೆ 15 ಕಿ.ಮೀ. ಪಕ್ಕಕ್ಕೆ ತಳ್ಳಿದರೂ 18 ಗಂಟೆಯಲ್ಲಿ 270 ಕಿ.ಮೀ. ಆಯಿತು. ಹೊಳೆ ದಾಟುವ ದೋಣಿಯವನು ಆಚೆ ದಡದ ಮೆಟ್ಟಿಲಿಗೆ ನೇರ ಹುಟ್ಟು ಹಾಕುವುದಿಲ್ಲ, ಮೂತಿಯನ್ನು ಹರಿವಿನ ಎದುರಿಗೆ ಸ್ವಲ್ಪ ತಿರುಗಿಸಿಕೊಳ್ಳುತ್ತಾನೆ. ನಾನೂ ಹಾಗೇ ಮೂಗನ್ನು ಎಡಕ್ಕೆ ಇಟ್ಟುಕೊಂಡೆ.

ನಾಲ್ಕು ಪಟ್ಟು ಬೇಗ ಓಡಿಸುವ ಬಟನ್ ಇದೆ. ಮುಟ್ಟಲಿಲ್ಲ. ಆಟೊಪೈಲಟ್‌ಗೆ ಬಿಟ್ಟು ಚೂರು ಚೂರು ಮಲಗಿದೆ. ಅಲಾರಂ ಹೊಡೆದಾಗೆಲ್ಲ ಎದ್ದು, ಎಲ್ಲಿರಬಹುದು ಅಂತ ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ ಚುಕ್ಕೆ ಇಟ್ಟೆ.

ಎಲ್ಲವೂ ಲೆಕ್ಕಕ್ಕೆ ಸಿಗುವುದಿಲ್ಲ. ಲಿಬಿಯಾದ ಮರುಭೂಮಿ ಮೇಲೆ ಹಾರುವಾಗ ಮಾಕ್ ಅವರಿಗೆ ಸುಟ್ಟ ವಾಸನೆ ಬಂದಿತ್ತು. ರೇಡಿಯೋದ ಉದ್ದನೆಯ ಆಂಟೆನಾ ತಂತಿಯನ್ನು ಹೊರಗೆ ಬಿಡುವ ಮೋಟಾರ್ ನಿಲ್ಲದೆ ಓಡಿ ಕಾದುಹೋಗಿತ್ತು. ಅದೇ ಕ್ಯಾಬಿನ್ನಿನಲ್ಲಿ ಪೆಟ್ರೋಲ್ ಟ್ಯಾಂಕ್. ಸ್ವಿಚ್ ಆರಿಸಿ, ಒಬ್ಬರೇ ಕೂತು, ಅದು ತಣ್ಣಗಾಗುವುದನ್ನು ಕಾದರು. ಅದೇ ಮರುಭೂಮಿಯನ್ನು ನಾನು ಪಕ್ಕದಲ್ಲಿ ಟೀ ಇಟ್ಟುಕೊಂಡು ದಾಟಿದ್ದೆ.

ಭಾನುವಾರ ಬೆಳಗ್ಗೆ ಆರೂವರೆಗೆ, ಹೊನೊಲುಲುವಿನ ರೇಡಿಯೋ ಸಂಕೇತ ಹಿಡಿಯುವ ಮುಳ್ಳು ಅಲುಗಿತು. ಲೆಕ್ಕ ಹಾಕಿದ್ದಕ್ಕಿಂತ 40 ಕಿ.ಮೀ. ದಕ್ಷಿಣಕ್ಕೆ ಸರಿದಿದ್ದೆ. ಏಳೂವರೆಗೆ ಚಕ್ರ ನೆಲ ಮುಟ್ಟಿತು. ಹೊನೊಲುಲುವಿನಲ್ಲಿ ಆಗ ಶನಿವಾರ ಸಂಜೆ 4. ಶನಿವಾರ ರಾತ್ರಿ 8ಕ್ಕೆ ಹೊರಟು, 18 ಗಂಟೆ ಹಾರಿ, ಅದೇ ಶನಿವಾರ ಸಂಜೆ ಇಳಿದಿದ್ದೆ. ದಾರಿಯಲ್ಲಿ ಅಂತಾರಾಷ್ಟ್ರೀಯ ದಿನಾಂಕ ರೇಖೆ ದಾಟಿತ್ತು, ಅದನ್ನು ಪೂರ್ವಕ್ಕೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತದೆ. ಎರಡು ದ್ವೀಪಗಳ ಗಡಿಯಾರಕ್ಕೆ 22 ಗಂಟೆ ಅಂತರ. ನೋಟ್‌ಬುಕ್ಕಿನಲ್ಲಿ ಭಾನುವಾರ ಅಂತ ಬರೆದಿದ್ದನ್ನು ಅಳಿಸಿ ಶನಿವಾರ ಅಂತ ತಿದ್ದಿದೆ.