ಜುಲೈನಲ್ಲಿ ಬಾಗಿಲಿಗೆ ಹತ್ತರಿ ಹೊಡೆಸಬೇಡಿ

ಆರಿದ್ರಾ ಮಳೆ ಹಿಡಿದು ಹದಿನೈದು ದಿನ ಆಗುವಷ್ಟರಲ್ಲಿ ನನ್ನ ಫೋನು ಶುರುವಾಗುತ್ತದೆ. "ಆಚಾರ್ರೇ, ಬಾಗಿಲು ಹಿಡೀತಾ ಇದೆ. ಹುಡುಗನ್ನ ಕಳ್ಸಿ, ಒಂಚೂರು ಹತ್ತರಿ ಹೊಡೆದು ಹೋಗ್ಲಿ." ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಎಲ್ಲ ಕಡೆಯಿಂದಲೂ ಇದೇ ಮಾತು. ನಾನು ಬೇಡ ಅನ್ನುತ್ತೇನೆ. ಅವರಿಗೆ ಸಿಟ್ಟು ಬರುತ್ತದೆ. ಸಣ್ಣ ಕೆಲಸ ಅಂತ ತಪ್ಪಿಸಿಕೊಳ್ಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಹತ್ತರಿಯಲ್ಲಿ ಅಂಚು ಕೀಸುವುದು ಸಣ್ಣ ಕೆಲಸ ಹೌದು, ಹತ್ತು ನಿಮಿಷ ಸಾಕು. ಹತ್ತೇ ನಿಮಿಷದಲ್ಲಿ ಒಳ್ಳೆ ಬಾಗಿಲು ಹಾಳಾಗುತ್ತದಲ್ಲ, ತೊಂದರೆ ಇರುವುದೇ ಅಲ್ಲಿ.

ಮೇ ತಿಂಗಳಲ್ಲಿ ಒಣಗಿಸಿದ ಹಲಸಿನ ಹಪ್ಪಳವನ್ನು ಡಬ್ಬಿಯ ಮುಚ್ಚಳ ತೆಗೆದು ಇಟ್ಟರೆ ಏನಾಗುತ್ತದೆ ಅಂತ ನಿಮ್ಮ ಮನೆಯವರನ್ನೇ ಕೇಳಿ. ಮೆತ್ತಗಾಗುತ್ತದೆ. ಯಾರೂ ನೀರು ಹಾಕಿರುವುದಿಲ್ಲ, ಗಾಳಿಯಲ್ಲಿರುವ ತೇವವೇ ಸಾಕು. ಮರವೂ ಹಾಗೆಯೇ. ನನ್ನ ಹತ್ತಿರ ತೇವ ಅಳೆಯುವ ಸಣ್ಣ ಮೀಟರ್ ಇದೆ, ಎರಡು ಸೂಜಿ ಚುಚ್ಚಿದರೆ ಅಂಕಿ ತೋರಿಸುತ್ತದೆ. ಫೆಬ್ರವರಿಯಲ್ಲಿ ಶೇಕಡಾ 11 ತೋರಿಸಿದ ಬಾಗಿಲೇ ಜುಲೈ ಕೊನೆಗೆ 17 ತೋರಿಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅಂಥ ಸೀಮೆಯಲ್ಲಿ ಕೂತು ಮರ ಉಬ್ಬಬಾರದು ಅಂದರೆ ಹೇಗೆ?

"ಐವತ್ತು ವರ್ಷದ ಹಳೇ ಮರ ಕಣ್ರೀ, ಒಣಗಿ ಕಲ್ಲಾಗಿದೆ" ಅನ್ನುತ್ತಾರೆ. ನೂರು ವರ್ಷದ್ದಾದರೂ ಉಬ್ಬುತ್ತದೆ. "ಪಾಲಿಶ್ ಹೊಡೆಸಿದ್ದೀವಲ್ಲ" ಅನ್ನುತ್ತಾರೆ. ಪಾಲಿಶ್ ತೇವವನ್ನು ತಡ ಮಾಡುತ್ತದೆ, ತಡೆಯುವುದಿಲ್ಲ. ಒಬ್ಬರಂತೂ ಸಾಗುವಾನಿ ಅಂತ ಹೇಳಿ ನಾನು ಬೇರೆ ಮರ ಹಾಕಿದ್ದೇನೆ ಅಂತ ಅನುಮಾನಪಟ್ಟರು. ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗೆ ಚೂರು ಕೊಟ್ಟು ಬನ್ನಿ, ಯಾವ ಮರ ಅಂತ ಅವರೇ ಹೇಳುತ್ತಾರೆ ಅಂದೆ. ಹೋಗಿ ಬಂದರು. ಸಾಗುವಾನಿಯೇ. "ಹಾಗಾದ್ರೆ ಯಾಕೆ ಉಬ್ಬುತ್ತೆ?" ಅಂತ ಮತ್ತೆ ಫೋನ್ ಮಾಡಿದರು.

ಇನ್ನು ನಾನು ಹೇಳಿ ಹೇಳಿ ಸುಸ್ತಾದ ಮಾತು. ಮರ ಅಗಲಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಲೆಕ್ಕಕ್ಕಿಲ್ಲ. ಒಂದಡಿ ಅಗಲದ ಸಾಗುವಾನಿ ಹಲಗೆ ನಮ್ಮ ಕಡೆ ಬೇಸಿಗೆಗೂ ಮಳೆಗಾಲಕ್ಕೂ ಹೆಚ್ಚುಕಡಿಮೆ 2ರಿಂದ 3 ಮಿಲಿಮೀಟರ್ ಆಚೀಚೆ ಆಗುತ್ತದೆ. ದಿಮ್ಮಿಯನ್ನು ಹೇಗೆ ಕೊಯ್ದಿದ್ದಾರೆ ಅನ್ನುವುದರ ಮೇಲೆ ಇನ್ನೂ ಸ್ವಲ್ಪ ಹೆಚ್ಚು, ಕಡಿಮೆ. ಅದೇ ಹಲಗೆಯ ಏಳಡಿ ಉದ್ದ ಇದ್ದಷ್ಟೇ ಇರುತ್ತದೆ.

ಇದು ಗೊತ್ತಿದ್ದರೆ ಬಾಗಿಲು ಯಾಕೆ ಹಿಡಿಯುತ್ತಿದೆ ಅಂತ ನೀವೇ ನೋಡಬಹುದು. ಬೀಗದ ಕಡೆ ಮೇಲಿಂದ ಕೆಳಗಿನವರೆಗೂ ಒಂದೇ ಸಮ ಹಿಡಿಯುತ್ತಿದ್ದರೆ ತೇವ. ಬೀಗದ ಕಡೆಯ ಮೇಲಿನ ಮೂಲೆ ಮಾತ್ರ ಉಜ್ಜುತ್ತಿದ್ದರೆ, ಇಲ್ಲ ಕೆಳಗೆ ಹೊಸ್ತಿಲಿಗೆ ತಾಗುತ್ತಿದ್ದರೆ, ಬಹುಮಟ್ಟಿಗೆ ಮೇಲಿನ ಬಿಜಾಗರಿಯ ತಿರುಪು ಸಡಿಲ ಆಗಿ ಬಾಗಿಲು ಜೋತಿದೆ. ಬಾಗಿಲ ಎತ್ತರ ಬೆಳೆಯುವುದಿಲ್ಲ ಅಂದೆನಲ್ಲ. ದಾರಂದ, ಅಂದರೆ ಬಾಗಿಲ ಚೌಕಟ್ಟೇ ವಾಲಿರಬಹುದು, ಗೋಡೆ ಕುಸಿದಿರಬಹುದು, ಕಣ್ಣಾರೆ ನೋಡದೆ ಖಂಡಿತ ಹೇಳಲಾರೆ. ಆದರೂ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಹತ್ತರಿ ಆಮೇಲೆ.

ಕೊಪ್ಪದ ಹತ್ತಿರ ಒಬ್ಬರು ನಿವೃತ್ತ ಮೇಷ್ಟ್ರು, ನನಗೆ ಬಹಳ ಬೇಕಾದವರು. ಅವರ ತೊಟ್ಟಿ ಮನೆಗೆ ಮೂರೂವರೆ ಅಡಿ ಅಗಲದ ಹಲಸಿನ ಬಾಗಿಲು, ಒಂದೇ ಕದ. ಒಂದೇ ಕದ ಬೇಡ ಅಂತ ಮೊದಲೇ ಹೇಳಿದ್ದೆ. ಹಿಂದಿನವರು ಎರಡು ಕದ ಇಟ್ಟು ನಡುವೆ ಒಂದು ಪಟ್ಟಿ ಹೊಡೆಯುತ್ತಿದ್ದರಲ್ಲ, ಅದು ಚೆಂದಕ್ಕಷ್ಟೇ ಇರಲಿಲ್ಲ. ಕದಗಳು ಉಬ್ಬಲಿ, ಕುಗ್ಗಲಿ, ನಡುವಿನ ಸಂದು ಆ ಪಟ್ಟಿಯ ಹಿಂದೆ ಮುಚ್ಚಿಹೋಗುತ್ತಿತ್ತು. ಮೇಷ್ಟ್ರಿಗೆ ಹೊಸ ಬೀಗ ಹಾಕಿಸಬೇಕಿತ್ತು, ಒಂದೇ ಕದ ಆಯಿತು. ಮೊದಲ ಮಳೆಗಾಲಕ್ಕೆ ಹಿಡಿಯಿತು. ನಾನು ಬರಲ್ಲ ಅಂದೆ. ಅವರು ಬೇರೆ ಯಾರನ್ನೋ ಕರೆಸಿದರು. ಆತ ಮೆಷಿನ್ ತಂದು ಐದು ಮಿಲಿಮೀಟರ್ ಎಗರಿಸಿಬಿಟ್ಟ. ಬಾಗಿಲು ಬೆಣ್ಣೆ ಹಾಗೆ ಮುಚ್ಚಿತು, ಮೇಷ್ಟ್ರು ಖುಷಿ.

ಫೆಬ್ರವರಿಯಲ್ಲಿ ಫೋನು ಬಂತು. "ಬಾಗಿಲು ಹಾಕ್ಕೊಂಡು ತೋಟಕ್ಕೆ ಹೋದ್ರೆ, ಬರೋವಷ್ಟರಲ್ಲಿ ತೆಗೆದಿರುತ್ತೆ ಮಾರಾಯ." ಹೋಗಿ ನೋಡಿದೆ. ಸಂದಿನಲ್ಲಿ ನನ್ನ ಕಿರುಬೆರಳು ತೂರುತ್ತಿತ್ತು. ಬೀಗದ ನಾಲಿಗೆ ದಾರಂದದ ತೂತಿಗೆ ಎಟುಕುತ್ತಲೇ ಇರಲಿಲ್ಲ. ಬೀಗ ಹಾಕಿದ್ದೇನೆ ಅಂತ ಅವರು ನಂಬಿಕೊಂಡಿದ್ದರು, ಅಷ್ಟೆ. "ನಾನು ಆವತ್ತೇ ಹೇಳ್ದೆ, ಆಚಾರ್ರ ಮಾತು ಕೇಳಿ ಅಂತ" ಎಂದು ಮೇಷ್ಟ್ರ ಮನೆಯ ಅಮ್ಮ ಒಳಗಿನಿಂದಲೇ ಹೇಳಿದರು. ಕೀಸಿದ ಮರವನ್ನು ಮತ್ತೆ ಅಂಟಿಸುವುದಕ್ಕೆ ಬರುವುದಿಲ್ಲ. ಅಂಚಿಗೆ ಹಲಸಿನದೇ ಒಂದು ಪಟ್ಟಿ ಕೂಡಿಸಿ, ಬೀಗ ಬಿಚ್ಚಿ ಮತ್ತೆ ಕೂರಿಸಿದೆ. ಪಟ್ಟಿ ಹೊಸ ಹಳದಿ, ಬಾಗಿಲು ಹಳೇ ಕಂದು. ಎರಡು ವರ್ಷ ಎದ್ದು ಕಾಣುತ್ತಿತ್ತು.

ಹಾಗಾದರೆ ಮಳೆಗಾಲದಲ್ಲಿ ಏನು ಮಾಡಬೇಕು? ತಿರುಪು ಬಿಗಿ ಮಾಡಿ. ಹಿಡಿಯುವ ಜಾಗಕ್ಕೆ ಮೇಣದ ಬತ್ತಿ ಉಜ್ಜಿ. ಪೂರ್ತಿ ಜಾಮ್ ಆಗಿ ಮುಚ್ಚಲೇ ಆಗುತ್ತಿಲ್ಲ ಅಂದರೆ ಮುಚ್ಚುವಷ್ಟು ಮಾತ್ರ, ಕೈ ಹತ್ತರಿಯಲ್ಲಿ, ತೆಳ್ಳಗೆ ತೆಗೆಸಿ. ಫೆಬ್ರವರಿಯಲ್ಲಿ ಸಂದಿಗೆ ಒಂದು ರೂಪಾಯಿ ನಾಣ್ಯ ಹಾಕಿ ನೋಡಿ. ಎರಡು ನಾಣ್ಯ ಒಟ್ಟಿಗೆ ಸಲೀಸಾಗಿ ಹೋಗುವಷ್ಟಿದ್ದರೆ ನನ್ನ ಲೆಕ್ಕದಲ್ಲಿ ಬಾಗಿಲು ಸರಿ ಇದೆ. ಆಗಲೂ ಒಂದೇ ನಾಣ್ಯ ಕಷ್ಟಪಟ್ಟರೆ ಮಾತ್ರ ಕೀಸುವ ಕೆಲಸ. ಕೀಸಿದ ಅಂಚಿಗೆ ಅವತ್ತೇ ಪಾಲಿಶ್ ಹಾಕಿಸಿ. ಬಾಗಿಲ ತಲೆಗೂ ತಳಕ್ಕೂ ಪಾಲಿಶ್ ಇದೆಯಾ ಅಂತ ಕೈಯಾಡಿಸಿ ನೋಡಿ. ಹತ್ತರಲ್ಲಿ ಎಂಟು ಮನೆಯಲ್ಲಿ ಇರುವುದಿಲ್ಲ. ಕಣ್ಣಿಗೆ ಕಾಣಲ್ಲ ಅಂತ ಪೇಂಟರ್ ಬಿಟ್ಟಿರುತ್ತಾನೆ. ಮರ ಜಾಸ್ತಿ ತೇವ ಕುಡಿಯುವುದು ಆ ಕೊಯ್ದ ತುದಿಗಳಿಂದಲೇ.

ಬೇಸಿಗೆಯಲ್ಲಿ ಇನ್ನೊಂದು ಫೋನು ಬರುತ್ತದೆ, "ಹಲಗೆ ಅಂಚಲ್ಲಿ ಪಾಲಿಶ್ ಇಲ್ಲದ ಬಿಳಿ ಗೆರೆ ಕಾಣ್ತಿದೆ, ಹಲಗೆ ಅಲ್ಲಾಡ್ತಿದೆ, ಅಂಟು ಹಾಕಿ" ಅಂತ. ಗೆರೆ ಕಂಡದ್ದು ನಮ್ಮ ತಪ್ಪು, ಜೋಡಿಸುವ ಮೊದಲೇ ಹಲಗೆಗೆ ಪಾಲಿಶ್ ಹಾಕಬೇಕಿತ್ತು. ಕದದ ಕಟ್ಟಿನ ಗಾಡಿಯಲ್ಲಿ ಕೂತ ಹಲಗೆ ಅಲ್ಲಾಡುವುದು ಮಾತ್ರ, ಉಬ್ಬಲು ಕುಗ್ಗಲು ಜಾಗ ಇರಲಿ ಅಂತ ಬೇಕೆಂದೇ ಬಿಟ್ಟಿದ್ದು. ಅಂಟು ಹಾಕಿದರೆ ಆ ಹಲಗೆ ಕುಗ್ಗುವಾಗ ನಡುವೆ ಸೀಳುತ್ತದೆ.

ಮೇಷ್ಟ್ರ ಮನೆಗೆ ಮೊನ್ನೆ ಹೋಗಿದ್ದೆ. ದಾರಂದದ ಒಳಬದಿಯಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿಟ್ಟಿದ್ದಾರೆ: ಜುಲೈ 22, ನಾಣ್ಯ ಇಲ್ಲ. ನವೆಂಬರ್ 15, ಒಂದು. ಫೆಬ್ರವರಿ 10, ಎರಡು.