ತುರಿಕೆ ನಿಂತ ಮಾತ್ರಕ್ಕೆ ಹುಳುಕಡ್ಡಿ ವಾಸಿಯಾಗಿರುವುದಿಲ್ಲ

ಮೈಮೇಲೆ ಕೆಂಪಗೆ ಎದ್ದು ಕಡಿಯುವ ಯಾವುದಕ್ಕಾದರೂ ನಮ್ಮ ಜನ ಈಗ ಇಟ್ಟಿರುವ ಹೆಸರು ಅಲರ್ಜಿ. ಹೆಸರು ಒಂದೇ ಆದ ಮೇಲೆ ಔಷಧಿಯೂ ಒಂದೇ ಆಗಿಬಿಡುತ್ತದೆ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ ಒಂದು ಟ್ಯೂಬ್. ಅದು ಮನೆಯಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ಚರ್ಮರೋಗ ವೈದ್ಯನಾಗಿ ನಾನು ದಿನವೂ ನೋಡುವ ಹುಳುಕಡ್ಡಿಯಲ್ಲಿ, ಅಂದರೆ ಗಜಕರ್ಣದಲ್ಲಿ, ಇಂಥ ಟ್ಯೂಬ್ ಸೋಕದೆ ಬಂದದ್ದು ಬಹಳ ಅಪರೂಪವಾಗಿದೆ.

ಕಳೆದ ಮಳೆಗಾಲದಲ್ಲಿ ಮದುವೆ ಮನೆಗಳಲ್ಲಿ ಅಡುಗೆ ಮಾಡುವವರೊಬ್ಬರು ಬಂದಿದ್ದರು. ಸೊಂಟದ ಸುತ್ತ, ತೊಡೆಸಂದಿಯಲ್ಲಿ, ಹಿಂಬದಿಯಲ್ಲಿ ಎಂಟು ತಿಂಗಳಿಂದ ಹಬ್ಬಿದ್ದ ಕಜ್ಜಿ. ಕೈಚೀಲದಿಂದ ಐದು ಟ್ಯೂಬ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದೊಂದನ್ನೂ ತಳದಿಂದ ಸುರುಳಿ ಸುತ್ತಿ, ಕೊನೆಯ ಹನಿಯವರೆಗೂ ಹಿಂಡಿ ಮುಗಿಸಿದ್ದರು. "ಹಚ್ಚಿದರೆ ಎರಡೇ ದಿನಕ್ಕೆ ಇಳಿಯುತ್ತೆ ಸಾರ್, ಬಿಟ್ಟರೆ ಮತ್ತೆ ಏಳುತ್ತೆ. ಔಷಧಿ ಒಳ್ಳೆಯದೇ, ನನ್ನ ರಕ್ತವೇ ಕೆಟ್ಟಿರಬೇಕು" ಎಂದರು. ರಕ್ತ ಕೆಟ್ಟಿದೆ ಎಂದು ಆರು ತಿಂಗಳಿಂದ ಬದನೆಕಾಯಿಯನ್ನೂ ಬಿಟ್ಟಿದ್ದರು. ಅವರ ರಕ್ತ ಸರಿಯಾಗಿಯೇ ಇತ್ತು. ದಾರಿ ತಪ್ಪಿಸುತ್ತಿದ್ದುದು ಆ ಎರಡು ದಿನಗಳ ಆರಾಮ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟು ಸಲ ಹೇಳಿದರೂ ಜನರ ಮನಸ್ಸಿಗೆ ಹತ್ತದಿರುವುದು ಇದೊಂದೇ. ಆ ಟ್ಯೂಬ್‌ಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಿಗಳು ಬೆರೆತಿರುತ್ತವೆ: ಶಿಲೀಂಧ್ರಕ್ಕೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಮತ್ತು ಕ್ಲೋಬೆಟಸಾಲ್ ಅಥವಾ ಬೆಟಮೆಥಸೋನ್‌ನಂಥ ಸ್ಟೆರಾಯ್ಡ್. ಆರಾಮ ಕೊಡುವುದು ಈ ಮೂರನೆಯದು. ಹುಳುಕಡ್ಡಿಯ ಶಿಲೀಂಧ್ರ ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತದೆ. ಕೆಂಪು, ಉರಿ, ತುರಿಕೆ ಇವೆಲ್ಲ ಅದರೊಡನೆ ನಮ್ಮ ದೇಹ ನಡೆಸುವ ಹೋರಾಟದ ಗುರುತುಗಳು. ಸ್ಟೆರಾಯ್ಡ್ ಆ ಹೋರಾಟವನ್ನು ನಿಲ್ಲಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಮುಟ್ಟುವುದಿಲ್ಲ. ತುರಿಕೆ ನಿಂತಾಗ ರೋಗಿಗೆ ವಾಸಿಯಾಯಿತೆನಿಸುತ್ತದೆ, ಆದರೆ ತಡೆಯುವವರಿಲ್ಲದ ಶಿಲೀಂಧ್ರ ಆ ಹೊತ್ತಿನಲ್ಲಿ ಇನ್ನಷ್ಟು ಅಗಲಕ್ಕೆ ಹರಡುತ್ತಿರುತ್ತದೆ. ಟ್ಯೂಬ್ ಬಿಟ್ಟ ಕೆಲವೇ ದಿನಗಳಲ್ಲಿ ದೇಹ ಎಚ್ಚೆತ್ತು ಈ ಸಲ ಹೆಚ್ಚಿನ ಜಾಗದಲ್ಲಿ ಹೋರಾಡತೊಡಗುವುದರಿಂದ ತುರಿಕೆ ಮೊದಲಿಗಿಂತ ಜೋರಾಗುತ್ತದೆ, ರೋಗಿ ಮತ್ತೆ ಅದೇ ಟ್ಯೂಬಿಗೆ ಓಡುತ್ತಾರೆ.

ಇದರ ಜೊತೆಗೆ ರೋಗದ ಚಹರೆಯೇ ಅಳಿಸಿಹೋಗುತ್ತದೆ. ಕೈಹಚ್ಚದ ಹುಳುಕಡ್ಡಿಯನ್ನು ಗುರುತಿಸುವುದು ಕಷ್ಟವಲ್ಲ. ದುಂಡಗಿನ ಬಳೆ, ಉಬ್ಬಿದ ಹೊಟ್ಟು ಹೊಟ್ಟಾದ ಅಂಚು, ನಡುವೆ ತಿಳಿಯಾದ ಚರ್ಮ. ಸ್ಟೆರಾಯ್ಡ್ ಬಿದ್ದ ಮೇಲೆ ಅಂಚು ಮಾಸುತ್ತದೆ, ಬಳೆಯೊಳಗೆ ಇನ್ನೊಂದು ಬಳೆ ಮೂಡುತ್ತದೆ, ಕೆಲವೊಮ್ಮೆ ಅದು ಇಸುಬಿನಂತೆಯೋ ಸೋರಿಯಾಸಿಸ್‌ನಂತೆಯೋ ಕಾಣುತ್ತದೆ. ಆಗ ನಾವು ಅಂಚಿನ ಹೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನ ಒಂದು ಹನಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅಡುಗೆಯವರ ಹೊಟ್ಟಿನಲ್ಲಿ ಶಿಲೀಂಧ್ರದ ಕವಲೊಡೆದ ಎಳೆಗಳು ಹತ್ತಿಯನ್ನು ಹಿಂಜಿ ಹರಡಿದ ಹಾಗೆ ತುಂಬಿದ್ದವು. ಅವರನ್ನು ಕರೆದು ಅದನ್ನು ತೋರಿಸಿದೆ. ಬಹಳ ಹೊತ್ತು ಕಣ್ಣಿಟ್ಟು ನೋಡಿದರು.

ಕಡಿಯುವುದೆಲ್ಲ ಹುಳುಕಡ್ಡಿಯೂ ಅಲ್ಲ. ಪಿತ್ತದ ಗಂದೆಯ ಒಂದೊಂದು ದದ್ದೂ ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತಿಲ್ಲದೆ ಮಾಯವಾಗಿ ಬೇರೆಡೆ ಏಳುತ್ತದೆ. ಅನುಮಾನವಿದ್ದರೆ ದದ್ದಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಮರುದಿನ ನೋಡಿ. ರಾತ್ರಿ ಹೊತ್ತು ಜೋರಾಗುವ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಕಾಣುವ, ಮನೆಯವರಿಗೂ ಹತ್ತಿರುವ ತುರಿಕೆಯಾದರೆ ಅದು ಹುಳದಿಂದ ಬರುವ ತುರಿಕಜ್ಜಿ. ಅದಕ್ಕೆ ಮನೆಮಂದಿಗೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು. ಹೊಲದಲ್ಲಿ ದುಡಿಯುವವರ ಮುಖ, ಕತ್ತು, ಮುಂಗೈ ಒರಟಾಗಿ ಕಪ್ಪಿಟ್ಟು ಕಡಿಯುತ್ತಿದ್ದರೆ ಮೊದಲು ಕಾಂಗ್ರೆಸ್ ಗಿಡವನ್ನು, ಅಂದರೆ ಪಾರ್ಥೇನಿಯಂ ಅನ್ನು, ಶಂಕಿಸುತ್ತೇನೆ. ಮೈಯ ಒಂದೇ ಬದಿಯಲ್ಲಿ ಮೊದಲು ನೋವು ಬಂದು ಆಮೇಲೆ ನೀರ್ಗುಳ್ಳೆ ಎದ್ದರೆ ಅದು ಸರ್ಪಸುತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈದ್ಯರನ್ನು ಕಂಡರೆ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ. ಕಡಿಯದೆ, ಮುಟ್ಟಿದರೂ ತಿಳಿಯದ ಮಾಸಲು ಮಚ್ಚೆಯನ್ನು ಮಾತ್ರ ಒಂದು ವಾರವೂ ಅಲಕ್ಷಿಸಬೇಡಿ. ಕುಷ್ಠರೋಗ ಹಾಗೆ ಶುರುವಾಗಬಹುದು, ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಔಷಧಿ ಉಚಿತ, ಮತ್ತು ಅದು ವಾಸಿಯಾಗುವ ಕಾಯಿಲೆ.

ಸ್ಟೆರಾಯ್ಡ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇಸುಬಿಗೆ ನಾನೇ ಬರೆದುಕೊಡುತ್ತೇನೆ, ಜಾಗ ಮತ್ತು ವಯಸ್ಸು ನೋಡಿ, ಇಷ್ಟು ದಿನ ಎಂದು ಲೆಕ್ಕ ಹಾಕಿ. ಬೇರೆ ಕಾಯಿಲೆಗಾಗಿ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಲೇಖನ ಓದಿ ಅದನ್ನು ತಟ್ಟನೆ ನಿಲ್ಲಿಸಕೂಡದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಷೆಡ್ಯೂಲ್ ಎಚ್ ನಿಯಮಕ್ಕೆ ತಂದಿದ್ದರೂ ಅಂಗಡಿಯಲ್ಲಿ ಅದು ಇನ್ನೂ ಸಲೀಸಾಗಿ ಸಿಗುತ್ತಿರುವುದು ನನಗೆ ನೋವಿನ ಸಂಗತಿ. ಶಿಲೀಂಧ್ರವೂ ಮೊದಲಿನಂತೆ ಮೆತ್ತಗಿಲ್ಲ. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಪ್ರಭೇದದಲ್ಲಿ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಔಷಧಿಗೆ ಬಗ್ಗದವು ಬಹಳ ಇವೆ. ಆದ್ದರಿಂದ ಎರಡು ವಾರಕ್ಕೆ ಗುಣವಾಗುತ್ತದೆಂದು ನಾನು ಯಾರಿಗೂ ಮಾತು ಕೊಡುವುದಿಲ್ಲ.

ಅಡುಗೆಯವರಿಗೆ ಟ್ಯೂಬ್‌ಗಳನ್ನೆಲ್ಲ ಬಿಡಿಸಿ, ಶಿಲೀಂಧ್ರದ ಮಾತ್ರೆ ಮತ್ತು ಬರೀ ಶಿಲೀಂಧ್ರನಾಶಕ ಮುಲಾಮು ಕೊಟ್ಟೆ. ಅಂಚಿನಿಂದ ಎರಡು ಬೆರಳು ಆಚೆಯವರೆಗೆ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು, ಮೊದಲ ವಾರ ತುರಿಕೆ ಕೆರಳಿದರೆ ಹೆದರಬಾರದು ಎಂದು ಮೂರು ಸಲ ಹೇಳಿದೆ. ಒಲೆಯ ಮುಂದಿನ ಬೆವರಿಗೆ ಅವರ ಉಡಿದಾರ ದಿನವಿಡೀ ಒದ್ದೆಯಾಗಿರುತ್ತಿತ್ತು, ಕಜ್ಜಿಯೂ ಅದರ ಗುಂಟವೇ ಸುತ್ತಿತ್ತು. ತೆಗೆಯಲು ಹಿಂಜರಿದರು; ಗುಣವಾದ ಮೇಲೆ ಹೊಸದನ್ನು ಕಟ್ಟಿಕೊಳ್ಳಿ ಎಂದ ಮೇಲೆ ಒಪ್ಪಿದರು. ಒಂದೇ ಟವೆಲ್ ಬಳಸುತ್ತಿದ್ದ ಹೆಂಡತಿ ಮತ್ತು ಮಗನನ್ನೂ ಮುಂದಿನ ಸಲ ಕರೆತಂದರು. ಇಬ್ಬರಿಗೂ ಬಳೆಗಳಿದ್ದವು, ಮಗ ಅಪ್ಪನ ಟ್ಯೂಬನ್ನೇ ಹಚ್ಚುತ್ತಿದ್ದ. ಹನ್ನೊಂದನೆಯ ವಾರಕ್ಕೆ ಮೂವರ ಚರ್ಮವೂ ತಿಳಿಯಾಯಿತು. ಅಡುಗೆಯವರ ತೊಡೆಸಂದಿಯಲ್ಲಿ ಸ್ಟೆರಾಯ್ಡ್‌ನಿಂದ ಚರ್ಮ ತೆಳುವಾಗಿ ಸೀಳಿದ ಬಿಳಿ ಗೆರೆಗಳು ಮಾತ್ರ ಉಳಿದಿವೆ. ಇವು ಯಾವಾಗ ಹೋಗುತ್ತವೆ ಎಂದು ಕೇಳಿದರು. ಹೋಗುವುದಿಲ್ಲ ಎಂದು ಹೇಳಬೇಕಾಯಿತು.